ಬೈಕಿನ ನಡುಕ, ಕ್ಯಾಮೆರಾದ ಕಣ್ಣು

ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಬೈಕಿಗೆ ಕಟ್ಟಿದ ಕ್ಯಾಮೆರಾ ಸೆರೆಹಿಡಿದ ವಿಡಿಯೊಗಳಲ್ಲಿ ಒಂದು ವಿಚಿತ್ರ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ರಸ್ತೆ ನುಣ್ಣಗಿದೆ, ಬೈಕು ನೇರವಾಗಿ ಹೋಗುತ್ತಿದೆ. ಆದರೂ ಪಕ್ಕದ ವಿದ್ಯುತ್ ಕಂಬಗಳು ಹಾವಿನಂತೆ ಹೊರಳುತ್ತಿವೆ, ಎದುರಿನ ಬೆಟ್ಟ ಅಲೆಅಲೆಯಾಗಿ ತೊನೆಯುತ್ತಿದೆ. ನಲವತ್ತು ಸಾವಿರ ಕೊಟ್ಟು ಆ್ಯಕ್ಷನ್ ಕ್ಯಾಮೆರಾ ಕೊಂಡವರಿಗೂ ಈ ಕಾಟ ತಪ್ಪಿಲ್ಲ. ಆಗ ಅವರು ಇನ್ನೂ ದುಬಾರಿ ಕ್ಯಾಮೆರಾ ಹುಡುಕಲು ಹೊರಡುತ್ತಾರೆ. ಆದರೆ ದೋಷ ಇರುವುದು ಬಹುತೇಕ ಸಲ ಕ್ಯಾಮೆರಾವನ್ನು ಬೈಕಿಗೆ ಹಿಡಿದಿಟ್ಟ ಗೇಣುದ್ದದ ತೋಳಿನಲ್ಲಿ.

ಈ ಬಗೆಯ ಕ್ಯಾಮೆರಾ ಹುಟ್ಟಿದ್ದು ಸಮುದ್ರದ ಮೇಲೆ. ಅಲೆಗಳ ಮೇಲೆ ಜಾರುತ್ತ ತನ್ನದೇ ಚಿತ್ರ ತೆಗೆದುಕೊಳ್ಳಬೇಕೆಂಬ ಹಂಬಲದಿಂದ ಅಮೆರಿಕದ ನಿಕ್ ವುಡ್‌ಮನ್ 2002ರಲ್ಲಿ ಗೋಪ್ರೊ ಕಂಪನಿ ಆರಂಭಿಸಿದರು. 2004ರಲ್ಲಿ ಬಂದ ಅದರ ಮೊದಲ ಕ್ಯಾಮೆರಾ ಮಣಿಕಟ್ಟಿಗೆ ಕಟ್ಟಿಕೊಳ್ಳುವಂಥದ್ದು, ಅದರೊಳಗೆ ಇದ್ದದ್ದು ರೀಲು. ಅಲೆಯ ಏರಿಳಿತ ದೊಡ್ಡದಾದರೂ ನಿಧಾನ. ಮೋಟಾರ್‌ಸೈಕಲ್ಲಿನ ನಡುಕ ಅದಕ್ಕೆ ಪೂರಾ ತದ್ವಿರುದ್ಧ: ಕಣ್ಣಿಗೆ ಕಾಣದಷ್ಟು ಸಣ್ಣದು, ಸೆಕೆಂಡಿಗೆ ಹತ್ತಾರು ಸಲ ಬರುವಂಥದ್ದು.

ಅದರ ತವರು ಎಂಜಿನ್ನು. ನಮ್ಮ ರಸ್ತೆಗಳ ಬೈಕುಗಳಲ್ಲಿ ಬಹುಪಾಲು ಒಂಟಿ ಸಿಲಿಂಡರಿನವು. ಹಳೆಯ 350 ಸಿಸಿ ಬುಲೆಟ್ಟನ್ನೇ ತೆಗೆದುಕೊಳ್ಳಿ. ಅದರ ಪಿಸ್ಟನ್ ಪ್ರತಿ ಸುತ್ತಿಗೆ 90 ಮಿಲಿಮೀಟರ್ ಮೇಲೇರಿ ಅಷ್ಟೇ ಕೆಳಗಿಳಿಯುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಈ ಹೋಗಿಬರುವ ಕೆಲಸ ಸೆಕೆಂಡಿಗೆ 50 ಸಲ ನಡೆಯುತ್ತದೆ. ಮೇಲ್ತುದಿಯಲ್ಲಿ ನಿಂತು ದಿಕ್ಕು ಬದಲಿಸುವ ಕ್ಷಣದಲ್ಲಿ ಪಿಸ್ಟನ್ನಿನ ವೇಗೋತ್ಕರ್ಷ ಭೂಮಿಯ ಗುರುತ್ವದ 450 ಪಟ್ಟನ್ನೂ ಮೀರುತ್ತದೆ. ಅಂದರೆ ಪಿಸ್ಟನ್ನಿನ ಪ್ರತಿ ನೂರು ಗ್ರಾಂ ತೂಕವೂ ಆ ಗಳಿಗೆಯಲ್ಲಿ 45 ಕಿಲೊ ಭಾರದಷ್ಟು ಬಲದಿಂದ ಎಂಜಿನ್ನನ್ನು ಜಗ್ಗುತ್ತದೆ. ಕ್ರ್ಯಾಂಕಿನ ಪ್ರತಿಭಾರ ಇದರಲ್ಲಿ ಒಂದಷ್ಟನ್ನು ಮಾತ್ರ ಸರಿದೂಗಿಸಬಲ್ಲದು. ಉಳಿದದ್ದು ಚಾಸಿಗೆ, ಅಲ್ಲಿಂದ ಹ್ಯಾಂಡಲ್‌ಬಾರಿಗೆ, ಕನ್ನಡಿಗೆ, ಸವಾರನ ಅಂಗೈಗೆ ಹರಿಯುತ್ತದೆ. ಇದಕ್ಕೆ ಪರಿಹಾರವಾಗಿ ಈಗಿನ ಹಲವು ಎಂಜಿನ್ನುಗಳೊಳಗೆ ಎದುರು ದಿಕ್ಕಿನಲ್ಲಿ ತಿರುಗುವ ಬ್ಯಾಲೆನ್ಸರ್ ದಂಡವೊಂದಿದೆ. 2020ರ ಮೀಟಿಯೋರ್‌ನಿಂದ ಆಚೆಗೆ ರಾಯಲ್ ಎನ್‌ಫೀಲ್ಡಿನ 350 ಸಿಸಿ ಎಂಜಿನ್ನಿಗೂ ಅದು ಬಂತು. ಕೈ ಜೋಮು ಹಿಡಿಯುವುದು ಕಡಿಮೆಯಾಯಿತು. ಆದರೆ ಸುತ್ತಿನ ಎರಡರಷ್ಟು ವೇಗದಲ್ಲಿ ಬರುವ ಸಣ್ಣ ಕಂಪನ ಈ ದಂಡಕ್ಕೆ ಬಗ್ಗುವುದಿಲ್ಲ. ಬೈಕು ನಡುಗುತ್ತಲೇ ಇರುತ್ತದೆ.

ಇನ್ನು ತೋಳಿನ ಮಾತು. ಒಂದು ತುದಿಯಲ್ಲಿ ಬಿಗಿದು ಇನ್ನೊಂದು ತುದಿಯಲ್ಲಿ ತೂಕ ಹೊತ್ತ ಯಾವುದೇ ಕಡ್ಡಿಗೂ ತನ್ನದೇ ಆದ ಸಹಜ ಆವೃತ್ತಿ ಇರುತ್ತದೆ. ಒಮ್ಮೆ ಮೀಟಿ ಬಿಟ್ಟರೆ ಅದು ಅದೇ ವೇಗದಲ್ಲಿ ಅದುರುತ್ತದೆ. ಎಂಜಿನ್ನಿನ ಕಂಪನ ಆ ವೇಗಕ್ಕೆ ಹೊಂದಿಬಿಟ್ಟರೆ ಅನುರಣನ ಶುರು; ಪ್ರತಿ ತಳ್ಳುವಿಕೆಯೂ ಹಿಂದಿನದಕ್ಕೆ ಕೂಡಿಕೊಂಡು, ಕಾಣದಷ್ಟಿದ್ದ ಅದುರು ಹಲವು ಪಟ್ಟು ಹಿಗ್ಗುತ್ತದೆ. 60 ಕಿಲೊಮೀಟರ್ ವೇಗದಲ್ಲಿ ಸ್ವಚ್ಛವಾಗಿದ್ದ ವಿಡಿಯೊ 70 ದಾಟುತ್ತಿದ್ದಂತೆ ಕೆಟ್ಟು, 85ರಲ್ಲಿ ಮತ್ತೆ ಸರಿಹೋದರೆ ಕಾರಣ ಇದೇ.

ಇಲ್ಲಿ ನೆನಪಿಡಬೇಕಾದ ಲೆಕ್ಕ ಒಂದುಂಟು. ತೋಳಿನ ಉದ್ದ ಎರಡು ಪಟ್ಟಾದರೆ ಅದರ ಗಡಸುತನ ಅರ್ಧವಾಗುವುದಿಲ್ಲ, ಎಂಟನೇ ಒಂದಕ್ಕೆ ಕುಸಿಯುತ್ತದೆ. ಸಹಜ ಆವೃತ್ತಿ ಮೂರನೇ ಒಂದರ ಹತ್ತಿರಕ್ಕೆ ಇಳಿಯುತ್ತದೆ. ಗಿಡ್ಡ ತೋಳು 120 ಹರ್ಟ್ಸ್‌ನಲ್ಲಿ ಅದುರುವಂಥದ್ದಾದರೆ ಅದೇ ದಪ್ಪದ, ಎರಡರಷ್ಟು ಉದ್ದದ ತೋಳು ಸುಮಾರು 42 ಹರ್ಟ್ಸ್‌ನಲ್ಲಿ ಅದುರುತ್ತದೆ. ಅದು ನಿಮಿಷಕ್ಕೆ 2500 ಸುತ್ತಿನ ಎಂಜಿನ್ನಿನ ವೇಗ. ಬುಲೆಟ್ಟು ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಡುವುದು ಇದರ ಆಸುಪಾಸಿನಲ್ಲೇ. ಪೆಟ್ಟಿಗೆಯಲ್ಲಿ ಬಂದ ಪ್ಲಾಸ್ಟಿಕ್ ತುಂಡುಗಳನ್ನೆಲ್ಲ ಒಂದಕ್ಕೊಂದು ಜೋಡಿಸಿ, ಮೂರು ಗಂಟು ಮಾಡಿ, ಕ್ಯಾಮೆರಾವನ್ನು ಗಾಳಿಗೆ ಚಾಚಿ ನಿಲ್ಲಿಸುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಪ್ರತಿ ಗಂಟೂ ಒಂದು ಸಡಿಲು. ತೋಳು ಗಿಡ್ಡವಿರಲಿ, ದಪ್ಪವಿರಲಿ, ಸಾಧ್ಯವಾದರೆ ಅಲ್ಯುಮಿನಿಯಂ ಇರಲಿ.

ಉದ್ದ ತೋಳಿನ ಇನ್ನೊಂದು ಕೇಡು ಇನ್ನೂ ಸೂಕ್ಷ್ಮ. ಕ್ಯಾಮೆರಾ ಇಡಿಯಾಗಿ ಒಂದು ಮಿಲಿಮೀಟರ್ ಅತ್ತಿತ್ತ ಸರಿದರೆ ದೂರದ ಬೆಟ್ಟದ ಬಿಂಬಕ್ಕೆ ಏನೂ ಆಗುವುದಿಲ್ಲ. ಆದರೆ ತೋಳು ಬಾಗಿದಾಗ ಅದರ ತುದಿಯ ಕ್ಯಾಮೆರಾ ಸರಿಯುವುದರ ಜೊತೆಗೆ ಓರೆಯೂ ಆಗುತ್ತದೆ. 4ಕೆ ವಿಡಿಯೊದಲ್ಲಿ ಅಡ್ಡಕ್ಕೆ 3840 ಬಿಂದುಗಳಿರುತ್ತವೆ. ಲೆನ್ಸು ನೂರು ಡಿಗ್ರಿ ಅಗಲದ ನೋಟ ಹಿಡಿಯುತ್ತದೆ ಎಂದುಕೊಂಡರೆ ಡಿಗ್ರಿಗೆ 38 ಬಿಂದು. ಒಂದು ಡಿಗ್ರಿಯ ಹತ್ತನೇ ಒಂದು ಭಾಗ ಓರೆಯಾದರೂ ಇಡೀ ಬೆಟ್ಟ ನಾಲ್ಕು ಬಿಂದು ಜಿಗಿಯುತ್ತದೆ. ಅದೂ ಸೆಕೆಂಡಿಗೆ ಐವತ್ತು ಸಲ.

ಹಾಗಾದರೆ ಕಂಬಗಳು ಸುಮ್ಮನೆ ಮಸುಕಾಗದೆ ಬಳುಕುವುದೇಕೆ? ಈ ಕ್ಯಾಮೆರಾಗಳ ಸೆನ್ಸರು ಚಿತ್ರವನ್ನು ಒಂದೇ ಏಟಿಗೆ ಹಿಡಿಯುವುದಿಲ್ಲ. ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಒಂದೊಂದಾಗಿ ಓದುತ್ತ ಹೋಗುತ್ತದೆ. ಇದಕ್ಕೆ ರೋಲಿಂಗ್ ಶಟರ್ ಎನ್ನುತ್ತಾರೆ. ಕೊನೆಯ ಸಾಲು ಮುಟ್ಟಲು ಹನ್ನೆರಡು ಮಿಲಿಸೆಕೆಂಡು ಹಿಡಿಯಿತು ಎನ್ನೋಣ. ಎಂಜಿನ್ 4800 ಸುತ್ತಿನಲ್ಲಿದ್ದರೆ ಅಷ್ಟರಲ್ಲಿ ಕ್ಯಾಮೆರಾ ಒಂದು ಪೂರ್ತಿ ಸಲ ಅತ್ತ ತಿರುಗಿ ಇತ್ತ ಬಂದಿರುತ್ತದೆ. ಕಂಬದ ತುದಿ, ನಡು, ಬುಡ ಮೂರನ್ನೂ ಬೇರೆ ಬೇರೆ ಓರೆಯಲ್ಲಿ ಕಂಡ ಸೆನ್ಸರು ಅವನ್ನು ಒಂದೇ ಚಿತ್ರದಲ್ಲಿ ಜೋಡಿಸುತ್ತದೆ. ಸವಾರರು ಜೆಲ್ಲೊ ಎಂದು ಕರೆಯುವ ರೋಗ ಇದೇ.

ಬೆಳಕು ಬದಲಾದಂತೆ ರೋಗದ ಲಕ್ಷಣವೂ ಬದಲಾಗುತ್ತದೆ. ಚಿತ್ರದುರ್ಗದ ಬಿರುಬಿಸಿಲಿನಲ್ಲಿ ಪ್ರತಿ ಸಾಲಿಗೂ ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತಿನ ಬೆಳಕು ಸಾಕು. ಸಾಲುಗಳು ಚೂಪಾಗಿ ಮೂಡುತ್ತವೆ, ಅಲೆ ಎದ್ದು ಕಾಣುತ್ತದೆ. ಆಗುಂಬೆಯ ಕಾಡಿನ ನೆರಳಿಗೆ ಹೊಕ್ಕೊಡನೆ ಕ್ಯಾಮೆರಾ ಸೆಕೆಂಡಿನ ಅರವತ್ತನೇ ಒಂದು ಭಾಗದವರೆಗೆ ಕಣ್ಣು ತೆರೆದಿಡಬೇಕಾಗುತ್ತದೆ. ಆ ಅವಧಿಯಲ್ಲಿ ಹೆಚ್ಚುಕಡಿಮೆ ಒಂದಿಡೀ ಕಂಪನ ಮುಗಿದಿರುತ್ತದೆ. ಅಲೆ ಮಾಯವಾಗಿ ಮಸುಕು ಉಳಿಯುತ್ತದೆ.

‘ನನ್ನ ಕ್ಯಾಮೆರಾದಲ್ಲಿ ಸ್ಟೆಬಿಲೈಸೇಶನ್ ಇದೆಯಲ್ಲ’ ಎನ್ನಬಹುದು. ಇದೆ, ಅದ್ಭುತವಾಗಿಯೇ ಇದೆ. ಒಳಗಿನ ಗೈರೊಸ್ಕೋಪು ಸಿಲಿಕಾನಿನಲ್ಲಿ ಕೆತ್ತಿದ, ಸದಾ ಕಂಪಿಸುತ್ತಿರುವ ಸೂಕ್ಷ್ಮ ರಚನೆ. ಕ್ಯಾಮೆರಾ ತಿರುಗಿದಾಗ ಕೊರಿಯೊಲಿಸ್ ಬಲದಿಂದ ಅದು ಪಕ್ಕಕ್ಕೆ ವಾಲುತ್ತದೆ, ಆ ವಾಲುವಿಕೆಯಿಂದ ತಿರುಗಿದ ವೇಗ ತಿಳಿಯುತ್ತದೆ. ತಂತ್ರಾಂಶವು ಚಿತ್ರದ ಅಂಚು ಕತ್ತರಿಸಿ ಅಷ್ಟೇ ಹಿಂದಕ್ಕೆ ಸರಿಸುತ್ತದೆ. 2018ರ ಗೋಪ್ರೊ ಹೀರೊ 7ರ ಹೈಪರ್‌ಸ್ಮೂತ್ ಬಂದ ಮೇಲೆ ಹಳ್ಳಕೊಳ್ಳದ ಕುಲುಕಾಟ ಬಹುಮಟ್ಟಿಗೆ ಅಡಗಿತು. ಆದರೆ ಈ ಉಪಾಯ ಒಂದು ಚೌಕಟ್ಟನ್ನು ಇನ್ನೊಂದಕ್ಕೆ ಹೊಂದಿಸಬಲ್ಲದು. ಚೌಕಟ್ಟಿನೊಳಗೆ ಈಗಾಗಲೇ ಬೆರೆತುಹೋದ ಮಸುಕನ್ನು ಬಿಡಿಸಲಾರದು. ಎಂಜಿನ್ನಿನ ನಡುಕ ಕಾಡುವುದು ಅಲ್ಲೇ.

ತಿರುವಿನಲ್ಲಿ ಈ ಗೈರೊಸ್ಕೋಪಿನ ಬೆಲೆ ಗೊತ್ತಾಗುತ್ತದೆ. 30 ಮೀಟರ್ ತ್ರಿಜ್ಯದ ತಿರುವನ್ನು 40 ಕಿಲೊಮೀಟರ್ ವೇಗದಲ್ಲಿ ತೆಗೆದುಕೊಂಡರೆ ಬೈಕು ಸುಮಾರು 23 ಡಿಗ್ರಿ ವಾಲಬೇಕು. ಹಾಗೆ ವಾಲಿದ ಬೈಕಿನ ಮೇಲೆ ಒಂದು ತೂಗುಗುಂಡು ಕಟ್ಟಿದರೆ ಅದು ನೆಲಕ್ಕೆ ನೇರವಾಗಿ ತೂಗದೆ ಬೈಕಿನ ಜೊತೆಗೇ ವಾಲಿರುತ್ತದೆ. ಗುರುತ್ವವನ್ನಷ್ಟೇ ನಂಬಿದ ಸೆನ್ಸರಿಗೆ ಬೈಕು ನೆಟ್ಟಗಿದೆ ಎಂದೇ ಅನಿಸುತ್ತದೆ. ತಿರುಗಿದ ವೇಗವನ್ನು ಕ್ಷಣಕ್ಷಣವೂ ಕೂಡಿಸುತ್ತ ಹೋಗುವ ಗೈರೊಸ್ಕೋಪು ಇರುವುದರಿಂದಲೇ ವಿಡಿಯೊದಲ್ಲಿ ದಿಗಂತ ಸಮವಾಗಿ ನಿಲ್ಲುತ್ತದೆ.

ಮೊಬೈಲನ್ನೇ ಹ್ಯಾಂಡಲ್‌ಬಾರಿಗೆ ಸಿಕ್ಕಿಸಿ ಚಿತ್ರೀಕರಿಸುವವರಿಗೆ ಬೇರೆಯದೇ ಅಪಾಯವಿದೆ. ಹಲವು ಫೋನುಗಳಲ್ಲಿ ಲೆನ್ಸು ಅಥವಾ ಸೆನ್ಸರು ಅಯಸ್ಕಾಂತಗಳ ನಡುವೆ ತೇಲುತ್ತ ನಡುಕವನ್ನು ಸರಿಪಡಿಸುತ್ತದೆ. ಬಲವಾದ ಬೈಕ್ ಎಂಜಿನ್ನಿನ ಕಂಪನಕ್ಕೆ ದೀರ್ಘಕಾಲ ಒಡ್ಡಿದರೆ ಈ ವ್ಯವಸ್ಥೆ ಹದಗೆಡಬಹುದು ಎಂದು ಆ್ಯಪಲ್ ಕಂಪನಿಯೇ 2021ರ ಸೆಪ್ಟೆಂಬರಿನಲ್ಲಿ ಐಫೋನ್ ಬಳಕೆದಾರರನ್ನು ಎಚ್ಚರಿಸಿತು. ಗೋಪ್ರೊದಂಥ ಆ್ಯಕ್ಷನ್ ಕ್ಯಾಮೆರಾಗಳಲ್ಲಿ ಲೆನ್ಸು ಕದಲದಂತೆ ಕೂತಿರುವುದರಿಂದ ಈ ಭಯವಿಲ್ಲ.

ನಡುಕ ತಡೆಯಲೆಂದು ಕ್ಯಾಮೆರಾದಡಿ ಹಾಕುವ ರಬ್ಬರ್ ಕೊಡುವ ರಕ್ಷಣೆಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ರಬ್ಬರ್ ಮೇಲೆ ಕೂತ ಕ್ಯಾಮೆರಾದ ಸಹಜ ಆವೃತ್ತಿ 20 ಹರ್ಟ್ಸ್ ಆಗಿದ್ದರೆ ಅದರ ಸುಮಾರು 1.4 ಪಟ್ಟು, ಅಂದರೆ 28 ಹರ್ಟ್ಸ್ ಮೇಲಿನ ಕಂಪನವನ್ನಷ್ಟೇ ಅದು ತಗ್ಗಿಸುತ್ತದೆ. ಅದಕ್ಕಿಂತ ಕೆಳಗಿನದನ್ನು ಹೆಚ್ಚಿಸುತ್ತದೆ! ಹೆದ್ದಾರಿಯಲ್ಲಿ ಉಪಕಾರ, ಸಿಗ್ನಲ್ಲಿನಲ್ಲಿ ನಿಂತಾಗ ಅಪಕಾರ. ತೆಳುವಾದ, ಗಡಸು ರಬ್ಬರಿನ ಪಟ್ಟಿ ಕ್ಲಾಂಪಿನ ಒಳಗೆ ಇದ್ದರೆ ಜಾರದಂತೆ ಹಿಡಿದುಕೊಳ್ಳುತ್ತದೆ; ಅಷ್ಟು ಸಾಕು.

ಎಲ್ಲಿ ಕಟ್ಟಬೇಕು? ಹ್ಯಾಂಡಲ್‌ಬಾರಿನ ತುದಿ ಕೆಟ್ಟ ಜಾಗ. ಅದೂ ಒಂದು ಚಾಚಿದ ಕಡ್ಡಿಯೇ ತಾನೆ. ಅದರ ಅದುರನ್ನು ಪಳಗಿಸಲೆಂದೇ ತಯಾರಕರು ತುದಿಗೆ ತೂಕದ ಗುಂಡು ಹಾಕಿರುತ್ತಾರೆ. ಕನ್ನಡಿಯ ಕಾಂಡವಂತೂ ಬೇಡವೇ ಬೇಡ. ಬಾರನ್ನು ಚಾಸಿಗೆ ಬಿಗಿದ ನಡುಭಾಗ, ಟ್ಯಾಂಕಿನ ಮೇಲ್ಮೈ, ಚಾಸಿಯ ದಪ್ಪ ಕೊಳವೆ ಇವು ಒಳ್ಳೆಯವು. ಎಲ್ಲಕ್ಕಿಂತ ಒಳ್ಳೆಯದು ಸವಾರನ ಎದೆಪಟ್ಟಿ. ಸೀಟಿನ ಸ್ಪಂಜು, ಸೊಂಟ, ಬೆನ್ನುಮೂಳೆ ದಾಟಿ ಬರುವಷ್ಟರಲ್ಲಿ 50 ಹರ್ಟ್ಸ್‌ನ ನಡುಕ ಬಹುತೇಕ ಸತ್ತಿರುತ್ತದೆ.

ಟ್ಯಾಂಕಿಗೆ ಅಂಟಿಸುವವರು ಆತುರಪಡಬಾರದು. ಕ್ಯಾಮೆರಾ ಪೀಠದ ಅಡಿಯಲ್ಲಿರುವ ಅಕ್ರಿಲಿಕ್ ಅಂಟು ಟ್ಯಾಂಕಿನ ಬಣ್ಣದ ಮೇಲಿನ ಸೂಕ್ಷ್ಮ ತಗ್ಗುಗಳಿಗೆ ನಿಧಾನವಾಗಿ ಹರಿದು ಇಳಿಯಬೇಕು. ಕೋಣೆಯ ಉಷ್ಣತೆಯಲ್ಲಿ ಅರ್ಧ ಬಲ ಬರಲು 20 ನಿಮಿಷ, ಶೇ 90ರಷ್ಟು ಬರಲು 24 ಗಂಟೆ, ಪೂರ್ತಿ ಬರಲು ಮೂರು ದಿನ ಬೇಕು. ಜಿಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಹಿಂದಿನ ದಿನವೇ ಅಂಟಿಸಿ, ಜೊತೆಗೊಂದು ಗಟ್ಟಿ ದಾರ ಚಾಸಿಗೆ ಕಟ್ಟಿ. ಕಳಚಿದ ಕ್ಯಾಮೆರಾ ಹಿಂದೆ ಬರುವ ಸವಾರನ ಮುಖಕ್ಕೆ ಹಾರಬಾರದು.

ಹೆಲ್ಮೆಟ್ಟಿನ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ. ನೆತ್ತಿಯ ಮೇಲೆ ನಿಂತ ಕ್ಯಾಮೆರಾಕ್ಕೆ 100 ಕಿಲೊಮೀಟರ್ ವೇಗದ ಗಾಳಿ ಕೊಡುವ ಒತ್ತಡ ಸುಮಾರು 180 ಗ್ರಾಂ ತೂಕದಷ್ಟು, ಕ್ಯಾಮೆರಾದ ಸ್ವಂತ ತೂಕಕ್ಕಿಂತ ಹೆಚ್ಚು. ಅದು ಎಳೆಯುವುದು ಕತ್ತಿನಿಂದ ಬಹಳ ಮೇಲೆ. ದಿನವಿಡೀ ಸಹಿಸಿದರೆ ಕತ್ತು ನೋವು, ಅದನ್ನಾದರೂ ತಡೆದುಕೊಳ್ಳಬಹುದು. ಬಿದ್ದಾಗಿನ ಪರಿಸ್ಥಿತಿ ಬೇರೆ. ಹೆಲ್ಮೆಟ್ಟಿನ ಹೊರಚಿಪ್ಪು ನುಣುಪಾಗಿ, ಗುಂಡಾಗಿ ಇರುವುದು ಅಲಂಕಾರಕ್ಕಲ್ಲ. ತಲೆ ರಸ್ತೆಯ ಮೇಲೆ ಸಿಕ್ಕಿಕೊಳ್ಳದೆ ಜಾರಿಹೋಗಲಿ ಎಂದು. ಸಿಕ್ಕಿಕೊಂಡರೆ ತಲೆ ಗಕ್ಕನೆ ತಿರುಚಿಕೊಳ್ಳುತ್ತದೆ, ಆ ತಿರುಚುವಿಕೆಯನ್ನು ಮಿದುಳು ತಾಳಲಾರದು. ಐಎಸ್‌ಐ ಮುದ್ರೆಯ ಹೆಲ್ಮೆಟ್ ಪರೀಕ್ಷೆಗೆ ಒಳಗಾದದ್ದು ಮೇಲೊಂದು ಕ್ಯಾಮೆರಾ ಇಟ್ಟುಕೊಂಡಲ್ಲ. ಕೇರಳದ ಮೋಟಾರು ವಾಹನ ಇಲಾಖೆ 2022ರಲ್ಲೇ ಹೆಲ್ಮೆಟ್ ಕ್ಯಾಮೆರಾ ಹಾಕಿದವರಿಗೆ ದಂಡ ಹಾಕುವುದಾಗಿ ಎಚ್ಚರಿಸಿತ್ತು. ಗಲ್ಲದ ಮೇಲೆ ಕಟ್ಟಿದರೆ ಗಾಳಿಯ ಎಳೆತ ತಗ್ಗುತ್ತದೆ, ವಿಡಿಯೊ ಸೊಗಸಾಗಿಯೂ ಬರುತ್ತದೆ. ಸಿಕ್ಕಿಕೊಳ್ಳುವ ಭಯ ಮಾತ್ರ ಅಲ್ಲೂ ಉಂಟು.

ಆದ್ದರಿಂದ ಘಾಟಿಗೆ ಹೊರಡುವ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟೇ: ಹೊಸ ಕ್ಯಾಮೆರಾಕ್ಕೆ ಸುರಿಯುವ ಹಣದಲ್ಲಿ ಒಂದಂಶವನ್ನು ಒಳ್ಳೆಯ ಕ್ಲಾಂಪಿಗೆ, ಎದೆಪಟ್ಟಿಗೆ ಹಾಕಿ. ಬೈಕು ನಿಂತಿರುವಾಗಲೇ ರೆಕಾರ್ಡಿಂಗ್ ಗುಂಡಿ ಒತ್ತಿ, ಆಮೇಲೆ ಮುಂದಿನ ನಿಲುಗಡೆಯವರೆಗೆ ಅದನ್ನು ಮುಟ್ಟಬೇಡಿ. ಹೆಲ್ಮೆಟ್ಟನ್ನು ನಿಮ್ಮ ತಲೆಗಷ್ಟೇ ಬಿಡಿ.