ಮಸಿ ಯಾರದು, ಸೋಪು ಯಾರದು?

ಗಂಡಸರ ಆರೋಗ್ಯದ ಬಗ್ಗೆ ಆಸ್ಪತ್ರೆಯಲ್ಲಿ ಹಂಚುವ ಕರಪತ್ರಗಳಲ್ಲಿ ಸಾಮಾನ್ಯವಾಗಿ ಮೂರು ಮಾತು ಇದ್ದೇ ಇರುತ್ತವೆ. ಜನನಾಂಗವನ್ನು ದಿನವೂ ತೊಳೆದುಕೊಳ್ಳಿ, ಒಗೆದ ಒಳ ಉಡುಪು ಹಾಕಿಕೊಳ್ಳಿ, ಗಂಟೋ ಹುಣ್ಣೋ ಕಂಡರೆ ನಾಚಿಕೊಳ್ಳದೆ ವೈದ್ಯರಿಗೆ ತೋರಿಸಿ. ಅಜ್ಜಿ ಹೇಳುವ ಬುದ್ಧಿಮಾತಿನಷ್ಟು ಸಾದಾ ಇರುವ ಇವಕ್ಕೂ ಒಂದು ಇತಿಹಾಸವಿದೆ ಎಂದು ತೋರುವುದಿಲ್ಲ. ಇದೆ, ಅದರ ಒಂದು ದೊಡ್ಡ ಪಾಲು ಲಂಡನ್ನಿನ ಚಿಮಣಿಗಳ ಒಳಗೆ ನಡೆದದ್ದು. ಅದನ್ನು ಓದಿದ ಮೇಲೆ, ಕೊಳಕಾಗಿರುವುದು ರೋಗಿಯ ಸ್ವಭಾವ ಎಂಬಂತೆ ಮಾತಾಡುವ ಶುಚಿತ್ವದ ಬೋಧನೆಯನ್ನು ಅಷ್ಟು ಸುಲಭವಾಗಿ ಒಪ್ಪಲಾಗುವುದಿಲ್ಲ.

1666ರ ಮಹಾ ಬೆಂಕಿಯ ಬಳಿಕ ಲಂಡನ್ ಹೊಸದಾಗಿ ಎದ್ದಿತು. ಸೌದೆಯ ಜಾಗಕ್ಕೆ ಕಲ್ಲಿದ್ದಲು ಬಂತು, ಚಿಮಣಿಗಳು ಕಿರಿದಾಗುತ್ತ, ತಿರುವು ಮುರುವಾಗುತ್ತ ಹೋದವು. ಕೆಲವು ಒಂಬತ್ತು ಇಂಚು ಉದ್ದ, ಒಂಬತ್ತು ಇಂಚು ಅಗಲದವು. ಬೆಳೆದ ಮನುಷ್ಯನ ಭುಜ ಅದರಲ್ಲಿ ತೂರುವುದಿಲ್ಲ. ಹಾಗಾಗಿ ಐದಾರು ವರ್ಷದ ಬಡ ಹುಡುಗರನ್ನು ಮೊಣಕೈ ಮೊಣಕಾಲು ಒತ್ತಿ ಹತ್ತಿಸುತ್ತಿದ್ದರು, ಬಟ್ಟೆ ಸಿಕ್ಕಿಕೊಳ್ಳುತ್ತದೆ ಎಂದು ಎಷ್ಟೋ ಸಲ ಬರಿಮೈಯಲ್ಲೇ. ನಮ್ಮ ಸೌದೆ ಒಲೆಯ ಅಡುಗೆಮನೆಯ ಮಾಡಿನಲ್ಲಿ ಜೋತಾಡುವ ಇಲ್ಲಣವನ್ನು ನೆನೆಸಿಕೊಂಡರೆ ಸಾಲದು. ಇದು ಕಲ್ಲಿದ್ದಲಿನ ಮಸಿ, ಟಾರು ಬೆರೆತು ಜಿಗುಟಾದದ್ದು. ಗುಡಿಸಿದ ಮಸಿಯನ್ನು ಮಾಲೀಕ ಗೊಬ್ಬರಕ್ಕೆಂದು ಮಾರುತ್ತಿದ್ದ. ಮಾರುವ ತನಕ ಅದೇ ಮಸಿಯ ಗೋಣಿಚೀಲಗಳೇ ಹುಡುಗರಿಗೆ ರಾತ್ರಿ ಹಾಸಿಗೆ, ಹೊದಿಕೆ.

ಈ ಹುಡುಗರಲ್ಲಿ ಬದುಕಿ ಉಳಿದ ಕೆಲವರಿಗೆ ದೊಡ್ಡವರಾದ ಮೇಲೆ ವೃಷಣಚೀಲದ ತಳಭಾಗದಲ್ಲಿ ಒಂದು ಹುಣ್ಣು ಏಳುತ್ತಿತ್ತು. ಅಂಚು ಗಡುಸಾಗಿ ಉಬ್ಬಿ, ನಡುವೆ ಹರಿದಂತಿರುವ, ನೋಯುವ ಹುಣ್ಣು. ಕಸುಬಿನವರು ಅದನ್ನು ಮಸಿ ನರಹುಲಿ ಎನ್ನುತ್ತಿದ್ದರು. ವೈದ್ಯರಿಗೆ ಮಾತ್ರ ಅದು ಬೇರೆಯೇ ಆಗಿ ಕಾಣುತ್ತಿತ್ತು. ಜಾಗ ಅಂಥದ್ದು, ರೋಗಿ ಹರೆಯಕ್ಕೆ ಬಂದವನು, ಇನ್ನೇನು, ಪರಂಗಿ ಹುಣ್ಣೇ ಇರಬೇಕು ಎಂದು ಪಾದರಸ ಕೊಡುತ್ತಿದ್ದರು. ಹುಣ್ಣು ಇನ್ನಷ್ಟು ಕೆರಳುತ್ತಿತ್ತು. ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲಿ ಪ್ರಕಟಿಸಿದ ಕೆಲವೇ ಪುಟಗಳ ಬರಹದಲ್ಲಿ ಈ ತಪ್ಪನ್ನು ಎತ್ತಿ ತೋರಿಸಿದ. ಹುಣ್ಣು ಎಲ್ಲಿ ಶುರುವಾಗುತ್ತದೆ, ಯಾವ ವಯಸ್ಸಿಗೆ ಬರುತ್ತದೆ, ಯಾವ ಕಸುಬಿನವರಿಗೆ ಬರುತ್ತದೆ ಎಂಬ ಮೂರನ್ನು ಜೋಡಿಸಿ, ಚರ್ಮದ ನಿರಿಗೆಗಳಲ್ಲಿ ನಿಂತ ಮಸಿಯೇ ಕಾರಣವೆಂದ. ಒಂದು ಕ್ಯಾನ್ಸರಿಗೆ ಹೊರಗಿನ ಕಾರಣವನ್ನು ಬೊಟ್ಟು ಮಾಡಿ ತೋರಿಸಿದ ಮೊದಮೊದಲ ಬರಹಗಳಲ್ಲಿ ಇದೊಂದು. ರೋಗಿಯನ್ನು ಏನು ಕೆಲಸ ಎಂದು ಕೇಳಬೇಕೆಂದು ಇಟಲಿಯ ವೈದ್ಯ ರಾಮಝೀನಿ 1700ರಲ್ಲೇ ಬರೆದಿದ್ದ. ಕೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಪಾಟ್ ಕಂಡ ರೋಗಿಗಳೇ ಸಾಕ್ಷಿ. ಸೊಂಟದ ಕೆಳಗಿನ ರೋಗವೆಂದರೆ ನಡತೆಯದೇ ರೋಗ ಎಂಬ ಅವಸರದ ತೀರ್ಪು ಅವರಿಗೆ ಎರಡು ಸಲ ಪೆಟ್ಟು ಕೊಟ್ಟಿತು, ಮಾನಕ್ಕೊಂದು, ಮೈಗೊಂದು.

ಹಾಗಾದರೆ ತೊಳೆದುಕೊಂಡಿದ್ದರೆ ಮುಗಿಯುತ್ತಿತ್ತಲ್ಲ, ಎನ್ನಬಹುದು. ಈ ಮಾತಿಗೆ ಗಟ್ಟಿ ಆಧಾರವೂ ಇದೆ. ಡೆನ್ಮಾರ್ಕಿನ ಚಿಮಣಿ ಗುಡಿಸುವವರ ಸಂಘ ತನ್ನವರಿಗೆ ದಿನವೂ ಸ್ನಾನ ಮಾಡಲು ಹೇಳಿದ್ದು 1778ರಲ್ಲಿ, ಪಾಟ್ ಬರೆದು ಮೂರೇ ವರ್ಷಕ್ಕೆ. ನೂರು ವರ್ಷ ದಾಟಿದ ಮೇಲೆ, 1892ರಲ್ಲಿ, ಲಂಡನ್ನಿನ ಶಸ್ತ್ರವೈದ್ಯ ಹೆನ್ರಿ ಬಟ್ಲಿನ್ ಯುರೋಪಿನ ಇತರ ದೇಶಗಳ ಕಸುಬುದಾರರಿಗೆ ಈ ರೋಗ ಏಕೆ ಇಲ್ಲವೆಂದು ವಿಚಾರಿಸಿದಾಗ ಕಂಡದ್ದೂ ಅದೇ: ಮೈಗೆ ಒತ್ತಿಕೊಳ್ಳುವ ಬಿಗಿ ಉಡುಪು, ಕೆಲಸ ಮುಗಿದೊಡನೆ ಮೈತುಂಬ ಸ್ನಾನ. ಅಲ್ಲಿನ ಉರುವಲೇ ಬೇರೆ ಇತ್ತು ಎಂಬ ಆಕ್ಷೇಪವನ್ನು ಪೂರ್ತಿ ತಳ್ಳಿಹಾಕಲಾಗದು, ಆದರೂ ತೊಳೆಯುವುದರಿಂದ ಲಾಭವಿತ್ತೆಂದೇ ಒಪ್ಪೋಣ. ಇಂಗ್ಲೆಂಡಿಗೂ ಇದು ತಿಳಿಯದ ವಿಷಯವೇನಲ್ಲ. 1788ರ ಕಾಯ್ದೆಯಡಿ ಮಾಲೀಕ ಬರೆದುಕೊಡಬೇಕಾದ ಒಪ್ಪಂದದಲ್ಲಿ, ವಾರಕ್ಕೊಮ್ಮೆಯಾದರೂ ಹುಡುಗನ ಮೈಯ ಮಸಿ ಹೋಗುವಂತೆ ತೊಳೆಸಬೇಕೆಂಬ ಮಾತೇ ಇತ್ತು. ನೋಡುವವರು ಯಾರು? ಮಾಲೀಕರಿಗೆ ಪರವಾನಗಿ ಬೇಕೆಂಬ ಅಂಶ ಆ ಕಾಯ್ದೆಯಲ್ಲಿ ಉಳಿಯಲಿಲ್ಲ. 1840ರಲ್ಲಿ ಇಪ್ಪತ್ತೊಂದು ವರ್ಷದ ಒಳಗಿನವರು ಹತ್ತಲೇ ಕೂಡದು ಎಂದಾಯಿತು, ಅದೂ ಕಾಗದದಲ್ಲೇ ಉಳಿಯಿತು. 1875ರಲ್ಲಿ ಪೊಲೀಸರಿಂದ ಪರವಾನಗಿ ಪಡೆಯುವುದು ಕಡ್ಡಾಯವಾದ ಮೇಲೆಯೇ ಹುಡುಗರು ಚಿಮಣಿಯಿಂದ ಇಳಿದದ್ದು. ಮಸಿಯ ಚೀಲದ ಮೇಲೆ ಮಲಗುವವನಿಗೆ ಶುಚಿಯಾಗಿರು ಎನ್ನುವುದು ಸುಲಭ. ಡೇನರ ಕಡೆ ಆ ಮಾತಿನ ಹಿಂದೆ ಒಂದು ಸಂಘವಿತ್ತು, ಇಂಗ್ಲೆಂಡಿನ ಹುಡುಗನ ಹಿಂದೆ ಯಾರೂ ಇರಲಿಲ್ಲ.

ಶುಚಿತ್ವವನ್ನು ಸ್ವಭಾವದ ಪ್ರಶ್ನೆ ಮಾಡುವವರಿಗೆ ಇದಕ್ಕಿಂತ ಕಷ್ಟದ ಉದಾಹರಣೆ ಲ್ಯಾಂಕಾಷೈರಿನ ಹತ್ತಿ ಗಿರಣಿಗಳದ್ದು. ಅಲ್ಲಿ ನೂಲುವ ಯಂತ್ರಕ್ಕೆ ಮ್ಯೂಲ್ ಎಂದು ಹೆಸರು, ಎರಡು ಯಂತ್ರಗಳ ಗುಣ ಬೆರೆಸಿ ಮಾಡಿದ ಹೇಸರಗತ್ತೆ ಅದು. ಅದನ್ನು ನಡೆಸುವ ನೂಲುಗಾರರು ಬಡಪಾಯಿಗಳಲ್ಲ, ಗಿರಣಿಯಲ್ಲಿ ಒಳ್ಳೆಯ ಸಂಬಳದವರು. ಬಿಸಿ ತೇವದ ಕೋಣೆಯಲ್ಲಿ ಬರಿಗಾಲಲ್ಲಿ, ತೆಳು ಹತ್ತಿ ಚಡ್ಡಿಯಲ್ಲಿ, ಹಿಂದೆ ಮುಂದೆ ಓಡುವ ಬಂಡಿಯ ಮೇಲೆ ಬಾಗಿ ಕಡಿದ ಎಳೆ ಸೇರಿಸುತ್ತಿದ್ದರು. ಪ್ರತಿ ಸಲ ಬಾಗಿದಾಗಲೂ ಕದಿರುಗಳ ಎಣ್ಣೆ ತೊಡೆಸಂದಿಯ ಬಟ್ಟೆಗೆ ಇಂಗುತ್ತಿತ್ತು. 1922ರಲ್ಲಿ ಸೌತಮ್ ಮತ್ತು ವಿಲ್ಸನ್ ಎಂಬ ವೈದ್ಯರು ಮ್ಯಾಂಚೆಸ್ಟರಿನ ಆಸ್ಪತ್ರೆಯ ದಾಖಲೆ ತೆಗೆದಾಗ, ವೃಷಣಚೀಲದ ಕ್ಯಾನ್ಸರಿನ 141 ರೋಗಿಗಳಲ್ಲಿ 69 ಮಂದಿ ಇಂಥ ನೂಲುಗಾರರಿದ್ದರು. ಚಿಮಣಿ ಗುಡಿಸುವವನು ಒಬ್ಬನೇ. ಅದು ಗಿರಣಿಗಳ ಊರು, ನೂಲುಗಾರರೇ ಹೆಚ್ಚು, ಆದ್ದರಿಂದ ಯಾರಿಗೆ ಎಷ್ಟು ಪಟ್ಟು ಅಪಾಯ ಎಂದು ಈ ಅಂಕಿಯೊಂದರಿಂದ ಹೇಳಲಾಗದು. ಆದರೆ ರೋಗ ಚಿಮಣಿಯಿಂದ ಗಿರಣಿಗೆ ಬಂದಿತ್ತೆಂಬುದು ಖಚಿತ. ಸಂಜೆ ಮನೆಗೆ ಹೋಗಿ ಎಷ್ಟೇ ಉಜ್ಜಿ ತೊಳೆದರೂ, ಹಗಲೆಲ್ಲ ಎಣ್ಣೆಯಲ್ಲಿ ನೆನೆದ ಚರ್ಮಕ್ಕೆ ಆಗುವುದು ಆಗಿಹೋಗಿರುತ್ತದೆ.

ಟಾರು ಬೆರೆತ ಮಸಿಯಲ್ಲಿ ಇರುವುದೇನು, ಅದು ತಾಗುವ ಚರ್ಮ ಎಂಥದ್ದು ಎಂಬುದು ಸರಿಯಾಗಿ ಗೊತ್ತಾದದ್ದು ಒಂದೊಂದಾಗಿ. 1915ರಲ್ಲಿ ಜಪಾನಿನ ಯಾಮಾಗಿವಾ ಮತ್ತು ಇಚಿಕಾವಾ ಮೊಲದ ಕಿವಿಗೆ ತಿಂಗಳುಗಟ್ಟಲೆ ಟಾರು ಸವರಿ ಕ್ಯಾನ್ಸರ್ ಬರಿಸಿ ತೋರಿಸಿದರು. 1933ರಲ್ಲಿ ಲಂಡನ್ನಿನ ವಿಜ್ಞಾನಿಗಳು ಎರಡು ಟನ್ ಟಾರಿನ ಗಟ್ಟಿಯನ್ನು ಸೋಸಿ ಸೋಸಿ ಬೆಂಜೋಪೈರೀನ್ ಎಂಬ ವಸ್ತುವನ್ನು ಬೇರ್ಪಡಿಸಿದರು. 1967ರಲ್ಲಿ ಅಮೆರಿಕದ ಫೆಲ್ಡ್‌ಮನ್ ಮತ್ತು ಮೈಬಾಕ್, ಹೈಡ್ರೋಕಾರ್ಟಿಸೋನ್ ಔಷಧಿ ಮೈಯ ಯಾವ ಭಾಗದಲ್ಲಿ ಎಷ್ಟು ಇಳಿಯುತ್ತದೆಂದು ಅಳೆದರು. ಮುಂಗೈಯನ್ನು ಒಂದು ಎಂದಿಟ್ಟುಕೊಂಡರೆ ವೃಷಣಚೀಲ 42. ಗಿರಣಿಗಳಿಗೆ ಉತ್ತರ ಸಿಕ್ಕಿದ್ದು ಮಾತ್ರ ಇದಕ್ಕೂ ಮೊದಲೇ, 1953ರ ಬ್ರಿಟಿಷ್ ನಿಯಮಗಳಲ್ಲಿ: ಶುದ್ಧೀಕರಿಸಿದ ಎಣ್ಣೆಯನ್ನೇ ಬಳಸಬೇಕು, ಆರು ತಿಂಗಳಿಗೊಮ್ಮೆ ನೂಲುಗಾರರನ್ನು ವೈದ್ಯರು ಪರೀಕ್ಷಿಸಬೇಕು. ಎಣ್ಣೆ ಬದಲಿಸುವ ಹೊಣೆ ಮಾಲೀಕನಿಗೆ, ಕಣ್ಣಿಟ್ಟು ನೋಡುವ ಹೊಣೆ ವೈದ್ಯನಿಗೆ. ಆ ಹೊತ್ತಿಗೆ ಗಿರಣಿಗಳೇ ಮುಚ್ಚುತ್ತ ಬಂದಿದ್ದವು ಎಂಬುದು ಬೇರೆ ಮಾತು.

ಈಗ ಅಪರೂಪವಾಗಿರುವ ರೋಗವೊಂದನ್ನು ಹಿಡಿದು ಇಷ್ಟು ಎಳೆಯಬೇಕೇ ಎಂದು ಕೇಳುವವರು ಕೇಳಬಹುದು. ಎಳೆಯಲು ಕಾರಣವಿದೆ, ಅದೇ ತಪ್ಪು ಪಕ್ಕದ ಅಂಗದ ವಿಷಯದಲ್ಲಿ ಇನ್ನೂ ನಡೆಯುತ್ತಿದೆ. ಶಿಶ್ನದ ಕ್ಯಾನ್ಸರಿಗೆ ಕೊಳೆಯೊಂದೇ ಕಾರಣವೆಂದು ಬಹುಕಾಲ ಹೇಳುತ್ತಿದ್ದರು. ಎಚ್‌ಪಿವಿ ವೈರಸ್, ತಂಬಾಕು, ಹಿಂದಕ್ಕೆ ಸರಿಯದ ಮುಂದೊಗಲು ಇವೆಲ್ಲ ಸೇರಿವೆ ಎಂದು ಈಗ ಗೊತ್ತಿದೆ. ಮುಂದೊಗಲು ಅಂಟಿಕೊಂಡವನಿಗೆ ಒಳಗೆ ತೊಳೆದುಕೋ ಎಂದರೆ ಅವನು ತೊಳೆಯುವುದು ಹೇಗೆ? ಚೀಟಿ ಬರೆಯುವ ಮೊದಲು ಪರದೆ ಎಳೆದು ನೋಡಿದ್ದರೆ, ಅವನಿಗೆ ಬೇಕಿದ್ದದ್ದು ಉಪದೇಶವಲ್ಲ, ಮುಲಾಮು ಅಥವಾ ಸಣ್ಣದೊಂದು ಶಸ್ತ್ರಕ್ರಿಯೆ ಎಂದು ತಿಳಿಯುತ್ತಿತ್ತು. ರೋಗಿ ನಾಚುತ್ತಾನೆ, ಹೊರಗೆ ಸರದಿ ಉದ್ದವಿದೆ ಎಂಬ ವೈದ್ಯರ ಕಷ್ಟ ನಿಜವೇ. ಆದರೆ ಕೆಲಸ ಏನು ಎಂದು ಕೇಳಲು ಪಂಚೆ ಬಿಚ್ಚಿಸಬೇಕಾಗಿಲ್ಲ. ಸಂಸ್ಕರಿಸದ ಖನಿಜ ಎಣ್ಣೆ ಇಂದಿಗೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಪಟ್ಟಿಯಲ್ಲಿ, ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಮೊದಲ ಗುಂಪಿನಲ್ಲೇ ಇದೆ. ಲೇತ್ ಮುಂದೆ ನಿಂತವನೂ ಗ್ಯಾರೇಜಿನ ಮೆಕ್ಯಾನಿಕನೂ ಕೈ ಒರೆಸಿದ ಎಣ್ಣೆ ಬಟ್ಟೆಯನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡು ಮತ್ತೆ ಕೆಲಸಕ್ಕೆ ಬಾಗುತ್ತಾರೆ.