ಅಡಿಕೆ ತೋಟದ ಆವಿ ಯಾರ ಲೆಕ್ಕದಲ್ಲಿ?

ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ಚನ್ನಗಿರಿ ಸೀಮೆಯ ಅಡಿಕೆ ತೋಟದೊಳಗೆ ಕಾಲಿಟ್ಟರೆ ಮೈ ತಂಪಾಗುತ್ತದೆ. ನೆರಳೊಂದೇ ಅದಕ್ಕೆ ಕಾರಣವಲ್ಲ. ಬುಡಕ್ಕೆ ಬಿಟ್ಟ ನೀರನ್ನು ಬೇರು ಹೀರುತ್ತದೆ, ಎಲೆ ತನ್ನ ಸಣ್ಣ ರಂಧ್ರಗಳಿಂದ ಅದನ್ನು ಆವಿಯಾಗಿ ಬಿಡುತ್ತದೆ. ಒಂದು ಲೀಟರ್ ನೀರು ಹೀಗೆ ಆವಿಯಾಗಲು ಸುಮಾರು 24 ಲಕ್ಷ ಜೌಲ್ ಶಾಖ ಬೇಕು. ಗಾಳಿಯನ್ನು ಕಾಯಿಸಬೇಕಿದ್ದ ಬಿಸಿಲು ಅಷ್ಟರಮಟ್ಟಿಗೆ ಆವಿಯ ಜೊತೆ ಹೊರಟುಹೋಗುತ್ತದೆ. ಅದೇ ಹೊತ್ತಿಗೆ ಜಗಳೂರಿನಲ್ಲಿ ಮೆಕ್ಕೆಜೋಳ ಕಟಾವಾದ ಖುಷ್ಕಿ ಹೊಲ ಬರಿದಾಗಿ ಬಿದ್ದಿರುತ್ತದೆ. ಹಾರಲು ನೀರೇ ಇಲ್ಲದ ಕಡೆ ಬಿಸಿಲೆಲ್ಲ ನೆಲವನ್ನೂ ಗಾಳಿಯನ್ನೂ ಕಾಯಿಸಲಿಕ್ಕೇ ಸರಿಹೋಗುತ್ತದೆ.

ಈ ಎರಡು ಊರುಗಳ ನಡುವೆ ನೇರ ಅಳತೆಯಲ್ಲಿ 70 ಕಿ.ಮೀ. ಆಸುಪಾಸು ಅಂತರ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ಕಟ್ಟಿದ ಜಾಗತಿಕ ಹವಾಮಾನ ಮಾದರಿಯಲ್ಲಿ ಭೂಮಿಯನ್ನು ಸುಮಾರು 200 ಕಿ.ಮೀ. ಅಗಲದ ಚೌಕಗಳಾಗಿ ವಿಂಗಡಿಸಲಾಗಿದೆ. ತೋಟ, ಹೊನ್ನಾಳಿಯ ನಾಲೆ ನೀರಿನ ಗದ್ದೆ, ಜಗಳೂರಿನ ಬೆದ್ದಲು ಎಲ್ಲವೂ ಒಂದೇ ಚೌಕದಲ್ಲಿ ಅಡಗಿಬಿಡಬಹುದಾದಷ್ಟು ದೊಡ್ಡ ಅಳತೆ ಅದು.

ನೆಲದ ಆವಿಗೆ ಲೆಕ್ಕ ಹಾಕುವ ಕೆಲಸ ತೀರಾ ಸರಳವಾಗಿ ಶುರುವಾಯಿತು. 1969ರಲ್ಲಿ ಸ್ಯುಕುರೊ ಮನಾಬೆ ತಮ್ಮ ಮಾದರಿಯಲ್ಲಿ ಇಡೀ ನೆಲವನ್ನು 15 ಸೆಂ.ಮೀ. ನೀರು ಹಿಡಿಯುವ ಬಕೆಟ್‌ ಎಂದು ಭಾವಿಸಿದರು. ಮುಕ್ಕಾಲು ಪಾಲಿಗಿಂತ ಹೆಚ್ಚು ತುಂಬಿದ್ದರೆ ಪೂರ್ತಿ ವೇಗದಲ್ಲಿ ಆವಿ, ಕಡಿಮೆಯಾದಂತೆ ಆವಿಯೂ ಕಡಿಮೆ, ತುಂಬಿ ತುಳುಕಿದ್ದು ಹರಿದುಹೋಗುತ್ತದೆ. ಗಿಡವಿಲ್ಲ, ಬೇರಿಲ್ಲ, ಎರೆ ನೆಲಕ್ಕೂ ಕೆಂಪು ಮಣ್ಣಿಗೂ ವ್ಯತ್ಯಾಸವಿಲ್ಲ. ಆದರೂ ಅದು ದೊಡ್ಡ ಹೆಜ್ಜೆ. ಅದೇ ಮನಾಬೆ ಅವರಿಗೆ 2021ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು.

ಮಾದರಿಗಳೊಳಗೆ ಎಲೆ, ಬೇರುಗಳು ಸರಿಯಾಗಿ ಮೂಡಿದ್ದು 1980ರ ದಶಕದಲ್ಲಿ. ಗಾಳಿ ಒಣಗಿದರೆ, ಬೇರಿಗೆ ತೇವ ಸಿಗದಿದ್ದರೆ ಎಲೆಯ ರಂಧ್ರ ಮುಚ್ಚಿಕೊಳ್ಳುತ್ತದೆ. ಕಾರ್ಬನ್ ಡೈಆಕ್ಸೈಡ್ ಹೆಚ್ಚಾದರೂ ಬಹುತೇಕ ಗಿಡಗಳು ಅದನ್ನು ಕಿರಿದು ಮಾಡಿಕೊಳ್ಳುತ್ತವೆ. ಹೀಗೆ ಉಳಿಯುವ ನೀರೆಷ್ಟು, ಬಿಸಿ ಏರಿದ್ದರಿಂದ ಹೆಚ್ಚುವರಿಯಾಗಿ ಹಾರಿಹೋಗುವ ನೀರೆಷ್ಟು ಎಂಬಲ್ಲಿ ಇವತ್ತಿಗೂ ಒಂದು ಮಾದರಿ ಹೇಳಿದ್ದನ್ನು ಇನ್ನೊಂದು ಒಪ್ಪುವುದಿಲ್ಲ.

ನನ್ನ ಕಳವಳ ಇರುವುದು ನೀರಾವರಿಯಲ್ಲಿ. ಅನೇಕ ಜಾಗತಿಕ ಮಾದರಿಗಳು ಇಂದಿಗೂ ಬೋರ್‌ವೆಲ್ಲನ್ನೂ ನಾಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅವುಗಳ ಪ್ರಕಾರ ಮಳೆ ನಿಂತ ಮೇಲೆ ನೆಲ ಒಣಗಲೇಬೇಕು. ಚನ್ನಗಿರಿಯಲ್ಲಿ ಹಾಗಾಗುವುದಿಲ್ಲ. ಅಂತರ್ಜಲವೂ ಭದ್ರೆಯ ನೀರೂ ಅಡಿಕೆ ಎಲೆಯ ಮೂಲಕ ಬೇಸಿಗೆಯಿಡೀ ಆಕಾಶ ಸೇರುತ್ತಲೇ ಇರುತ್ತವೆ. ದಿನಕ್ಕೆ ಒಂದು ಮಿಲಿಮೀಟರ್ ಲೆಕ್ಕ ತಪ್ಪಿದರೂ ಎಕರೆಗೆ ಸುಮಾರು 4,000 ಲೀಟರ್ ವ್ಯತ್ಯಾಸ, ಹೆಚ್ಚುಕಡಿಮೆ ಒಂದು ಟ್ಯಾಂಕರ್. 2023ರ ಬರದ ಮರುಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ದುಡ್ಡು ಸುರಿದು ತೋಟ ಉಳಿಸಿಕೊಂಡವರಿಗೆ ಈ ಅಂಕಿಯ ಭಾರ ಗೊತ್ತು.

ಆವಿಯನ್ನು ನೇರವಾಗಿ ಅಳೆಯುವ ಉಪಾಯವಿದೆ. ಬೆಳೆಯ ಮೇಲೆ ಗೋಪುರ ನಿಲ್ಲಿಸಿ, ಗಾಳಿಯ ಏರಿಳಿತವನ್ನೂ ಅದರೊಳಗಿನ ತೇವವನ್ನೂ ಸೆಕೆಂಡಿಗೆ ಹತ್ತಿಪ್ಪತ್ತು ಸಲ ದಾಖಲಿಸುತ್ತಾರೆ. ಮೇಲಕ್ಕೆ ಹೋಗುವ ಗಾಳಿ ಕೆಳಕ್ಕೆ ಬರುವ ಗಾಳಿಗಿಂತ ಎಷ್ಟು ಹೆಚ್ಚು ತೇವ ಹೊತ್ತಿದೆಯೋ ಅದೇ ನೆಲ ಕಳೆದುಕೊಂಡ ನೀರು. 2016ರ ಭಾರತ–ಬ್ರಿಟನ್ ಜಂಟಿ ಅಧ್ಯಯನ ‘ಇನ್‌ಕಂಪಾಸ್’ಗಾಗಿ ಧಾರವಾಡದಲ್ಲೂ ಗುಂಡ್ಲುಪೇಟೆ ಬಳಿಯ ಬೇರಂಬಾಡಿಯಲ್ಲೂ ಇಂಥ ಗೋಪುರಗಳು ನಿಂತವು.

ಚನ್ನಗಿರಿಯ ಅಡಿಕೆ ತೋಟದ ನೆತ್ತಿಯ ಮೇಲೊಂದು, ಜಗಳೂರಿನ ಮೆಕ್ಕೆಜೋಳದ ಹೊಲದಲ್ಲೊಂದು ಗೋಪುರ ವರ್ಷಪೂರ್ತಿ ನಿಲ್ಲಲಿ. ಅಡಿಕೆ ಸಂಶೋಧನೆ ನಡೆಸುತ್ತಿರುವ ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯವೂ ಬೆಳೆಗಾರರ ಸಹಕಾರ ಸಂಘಗಳೂ ಕೈಜೋಡಿಸಿದರೆ ಇದು ಆಗದ ಕೆಲಸವೇನಲ್ಲ. ಆ ಅಳತೆ ಕೈಗೆ ಬರುವವರೆಗೆ, ನಿಮ್ಮ ತಾಲ್ಲೂಕಿನ 2050ರ ಉಷ್ಣಾಂಶ ಇಷ್ಟು ಎಂದು ಯಾರಾದರೂ ನಕ್ಷೆ ತೋರಿಸಿದರೆ, ಅದರಲ್ಲಿ ತೋಟದ ನೀರು ಸೇರಿದೆಯೇ ಎಂದು ದಯವಿಟ್ಟು ಕೇಳಿ.