ನೀರಿನ ಕೆಳಗಣ ಉಸಿರು: ಸಲಕರಣೆ ಕೊಳ್ಳುವುದು ಯಾರಿಂದ?

ಕ್ಯಾಲಿಫೋರ್ನಿಯದ ಮಾಂಟೆರೆ ಕೊಲ್ಲಿಯ ತಣ್ಣೀರಿನಲ್ಲಿ, ತಳದ ಬಂಡೆಗಳಿಂದ ಮೇಲೆದ್ದು ನೀರಿನ ಮೇಲ್ಮೈಯವರೆಗೂ ಬೆಳೆದು ನಿಂತ ಕೆಲ್ಪ್ ಎಂಬ ಕಡಲಪಾಚಿಯ ವನಗಳ ನಡುವೆ ಸಂಚರಿಸಬೇಕೆಂಬ ಆಸೆಯಿಂದ ಸ್ಕೂಬಾ ವಿದ್ಯೆಯನ್ನು ಕಲಿಯುವವರು ಅನೇಕರು. ಸ್ಯಾನ್ ಹೋಸೆಯ ಸುತ್ತಮುತ್ತ ನೆಲೆಸಿರುವ ಕನ್ನಡಿಗರಿಗೂ ಅದು ಒಂದು ದಿನದ ವಿಹಾರಕ್ಕೆ ಎಟಕುವ ಕಡಲು. ಕಲಿಕೆ ಮುಗಿದು ಪ್ರಮಾಣಪತ್ರ ಕೈಗೆ ಬಂದೊಡನೆ, ಬಾಡಿಗೆಯ ಸಲಕರಣೆಗಳನ್ನು ಬಿಟ್ಟು ಸ್ವಂತದ್ದನ್ನು ಹೊಂದಬೇಕೆಂಬ ಬಯಕೆ ಹುಟ್ಟುವುದು ಸಹಜ. ಆಗ, ವಿದ್ಯೆ ಕಲಿಸಿದ ಊರಿನ ಡೈವ್ ಅಂಗಡಿಯಲ್ಲಿ ಕೊಳ್ಳಬೇಕೋ, ಅಂಥದೇ ವಸ್ತುವನ್ನು ಎಷ್ಟೋ ವೇಳೆ ಕಡಮೆ ಬೆಲೆಗೆ ಮನೆಬಾಗಿಲಿಗೆ ತಲುಪಿಸುವ ಅಂತರ್ಜಾಲದ ವ್ಯಾಪಾರಿಯಿಂದ ತರಿಸಬೇಕೋ ಎಂಬ ಪ್ರಶ್ನೆ ಎದುರಾಗುತ್ತದೆ. ಇದನ್ನು ಬರಿಯ ಬೆಲೆಯ ಪ್ರಶ್ನೆಯೆಂದು ಎಣಿಸುವವರು ಅರ್ಧವನ್ನು ಮಾತ್ರ ಕಂಡಿದ್ದಾರೆಂಬುದು ನನ್ನ ದೃಢವಾದ ಅಭಿಪ್ರಾಯ; ಇಲ್ಲಿ ಕೊಳ್ಳಬೇಕಾದದ್ದು ವಸ್ತುವನ್ನಷ್ಟೇ ಅಲ್ಲ, ತನ್ನ ದೇಹಕ್ಕೆ ಅದರ ಹೊಂದಿಕೆಯನ್ನೂ, ಮುಂದಿನ ವರ್ಷಗಳಲ್ಲಿ ಅದಕ್ಕೆ ಸಲ್ಲಬೇಕಾದ ಆರೈಕೆಯನ್ನೂ ಕೂಡ.

ಈ ಅಂಗಡಿಗಳು ಹುಟ್ಟಿದ ಬಗೆಯನ್ನು ಅರಿತರೆ ಅವುಗಳ ಯೋಗ್ಯತೆ ತಿಳಿಯುತ್ತದೆ. 1943ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಜಾಕ್ ಕುಸ್ತೋ ಮತ್ತು ಇಂಜಿನಿಯರ್ ಎಮಿಲ್ ಗಾನ್ಯಾನ್ ಕೂಡಿ ನಿರ್ಮಿಸಿದ ಆಕ್ವಾಲಂಗ್ ಎಂಬ ಉಸಿರಾಟದ ಯಂತ್ರವು ಯುದ್ಧಾನಂತರ ಅಮೆರಿಕದ ಕ್ರೀಡಾಸಾಮಗ್ರಿಯ ಮಳಿಗೆಗಳಿಗೆ ಬಂದಾಗ, ಕೈಯಲ್ಲಿ ಹಣವುಳ್ಳ ಯಾರು ಬೇಕಾದರೂ, ಯಾವ ಶಿಕ್ಷಣವೂ ಇಲ್ಲದೆ, ಅದನ್ನು ಹೊತ್ತು ಕಡಲಿಗೆ ಇಳಿಯಬಹುದಾಗಿತ್ತು. ಇದರ ಅಪಾಯವನ್ನು ಮನಗಂಡು 1954ರಲ್ಲಿ ಲಾಸ್ ಏಂಜಲೀಸ್ ಕೌಂಟಿಯು ಬೋಧಕರ ತರಬೇತಿಯನ್ನು ಆರಂಭಿಸಿತು. 1966ರಲ್ಲಿ ಸ್ಥಾಪಿತವಾದ ಪ್ಯಾಡಿ ಸಂಸ್ಥೆಯು ಈ ಬೋಧನೆಯನ್ನು ಡೈವ್ ಅಂಗಡಿಗಳೊಡನೆ ಬೆಸೆಯಿತು. ಪ್ರಮಾಣಪತ್ರವನ್ನು ತೋರಿಸದವರ ಸಿಲಿಂಡರಿಗೆ ಗಾಳಿ ತುಂಬಬಾರದೆಂಬ ರೂಢಿ ಬೇರೂರಿದ್ದು ಈ ವ್ಯವಸ್ಥೆಯಿಂದಲೇ. ಹೀಗೆ ಒಂದೇ ಸೂರಿನ ಕೆಳಗೆ ಪಾಠಶಾಲೆ, ಗಾಳಿ ತುಂಬುವ ಯಂತ್ರ, ದುರಸ್ತಿಯ ಮೇಜು, ಮಾರಾಟದ ಕಪಾಟು ಕೂಡಿಕೊಂಡವು.

ರಿಡಾಂಡೊ ಬೀಚಿನಲ್ಲಿ 1953ರಲ್ಲಿ ಬಿಲ್ ಮತ್ತು ಬಾಬ್ ಮೈಸ್ಟ್ರೆಲ್ ಎಂಬ ಅವಳಿ ಸೋದರರು ಪಾಲುದಾರರಾಗಿ ಸೇರಿದ ಡೈವ್ ಎನ್ ಸರ್ಫ್ ಅಂಗಡಿಯನ್ನು ಇಲ್ಲಿ ನೆನೆಯಬೇಕು. ಬರ್ಕ್ಲಿಯ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ ಆಗತಾನೆ ಯೋಚಿಸಿದ್ದ ನಿಯೋಪ್ರೀನ್ ಉಡುಪನ್ನು, ಎಂದರೆ ಇಂದಿನ ವೆಟ್‌ಸೂಟನ್ನು, ಅಲ್ಲಿ ಗಿರಾಕಿಗಳಿಗಾಗಿ ಹೊಲಿದುಕೊಡುತ್ತಿದ್ದರು. ಬಾಡಿ ಗ್ಲೋವ್ ಎಂಬ ಪ್ರಸಿದ್ಧ ಹೆಸರು ಬೆಳೆದದ್ದು ಆ ಕೆಲಸದಿಂದ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ದೇಹದ ಶಾಖವನ್ನು ಸೆಳೆಯುವುದರಿಂದ, ಉಡುಪು ಕುತ್ತಿಗೆಯಲ್ಲಾಗಲಿ ಸೊಂಟದಲ್ಲಾಗಲಿ ಸಡಿಲವಾದರೆ ತಣ್ಣೀರು ಒಳಹೊಕ್ಕು ಹೊರಬರುತ್ತಲೇ ಇದ್ದು ಅದರ ಪ್ರಯೋಜನವೇ ಕೆಡುತ್ತದೆ. ಮಾಂಟೆರೆಯ ನೀರಿಗೆ 7 ಮಿಲಿಮೀಟರ್ ದಪ್ಪದ ಉಡುಪೂ ತಲೆಗವಸೂ ಬೇಕೆಂಬುದನ್ನು ಅಲ್ಲಿಯ ಅಂಗಡಿಯವನು ಕೇಳದೆಯೇ ಹೇಳುತ್ತಾನೆ.

ಅಂಗಡಿಯಲ್ಲಿಯೇ ಕೊಳ್ಳತಕ್ಕದ್ದೆಂದು ನಾನು ನಿಸ್ಸಂಕೋಚವಾಗಿ ಹೇಳುವ ಇನ್ನೊಂದು ವಸ್ತು ಮಾಸ್ಕು. ಸಿಲಿಕೋನ್ ಅಂಚು ಹಣೆ, ಕೆನ್ನೆ, ಮೇಲ್ದುಟಿಗಳಿಗೆ ಎಲ್ಲಿಯೂ ಬಿರುಕಿಲ್ಲದೆ ಕೂಡಬೇಕು. ಪಟ್ಟಿಯನ್ನು ಕಟ್ಟದೆ ಮುಖಕ್ಕೆ ಒತ್ತಿ, ಮೂಗಿನಿಂದ ಮೆಲ್ಲಗೆ ಉಸಿರೆಳೆದಾಗ ಕೈಬಿಟ್ಟರೂ ಅದು ಅಲ್ಲಿಯೇ ಅಂಟಿ ನಿಂತರೆ ಹೊಂದಿಕೆ ಸರಿಯೆಂದು ತಿಳಿಯಬಹುದು. ಒಬ್ಬರ ಮುಖಕ್ಕೆ ಒಪ್ಪಿದ್ದು ಮತ್ತೊಬ್ಬರಿಗೆ ಒಪ್ಪುವುದಿಲ್ಲ. ಅತಿ ದುಬಾರಿಯ ಮಾಸ್ಕು ಸೋರಬಹುದು, ಅತಿ ಅಗ್ಗದ್ದು ಅಚ್ಚುಕಟ್ಟಾಗಿ ಕೂಡಬಹುದು. ಯಾವ ಛಾಯಾಚಿತ್ರವೂ, ಅನ್ಯರ ಯಾವ ಪ್ರಶಂಸೆಯೂ ಇದನ್ನು ಮುಂಗಂಡು ಹೇಳಲಾರದು.

ಎಲ್ಲಕ್ಕಿಂತ ಹೆಚ್ಚಿನ ವಿವೇಚನೆ ಬೇಕಾದದ್ದು ರೆಗ್ಯುಲೇಟರಿನ ವಿಷಯದಲ್ಲಿ. ಸಿಲಿಂಡರಿನಲ್ಲಿರುವುದು, ಹಲವರು ಭಾವಿಸಿರುವಂತೆ ಶುದ್ಧ ಆಮ್ಲಜನಕವಲ್ಲ. ನಾವು ನಿತ್ಯ ಉಸಿರಾಡುವ ಗಾಳಿಯನ್ನೇ ಸೋಸಿ, ಸುಮಾರು 200 ಬಾರ್ ಒತ್ತಡಕ್ಕೆ ಅದುಮಿ ತುಂಬಿರುತ್ತಾರೆ. ರೆಗ್ಯುಲೇಟರಿನ ಮೊದಲ ಹಂತವು ಈ ಪ್ರಚಂಡ ಒತ್ತಡವನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 10 ಬಾರ್ ಮಾತ್ರ ಹೆಚ್ಚಿರುವಂತೆ ಇಳಿಸುತ್ತದೆ. ಬಾಯಲ್ಲಿ ಕಚ್ಚಿಕೊಳ್ಳುವ ಎರಡನೆಯ ಹಂತವು ಅದನ್ನು ಮತ್ತೂ ಇಳಿಸಿ, ಮುಳುಗುಗಾರನಿರುವ ಆಳದ ಒತ್ತಡಕ್ಕೆ ಸರಿಸಮವಾಗಿ, ಅವನು ಉಸಿರೆಳೆದಾಗಲಷ್ಟೇ ಒದಗಿಸುತ್ತದೆ. 10 ಮೀಟರ್ ಆಳದಲ್ಲಿ ಒತ್ತಡವು ಮೇಲ್ಮೈಯ ಎರಡರಷ್ಟು, 30 ಮೀಟರಿನಲ್ಲಿ ನಾಲ್ಕರಷ್ಟಾಗುವುದರಿಂದ, ಈ ಪುಟ್ಟ ಯಂತ್ರ ಕ್ಷಣಕ್ಷಣಕ್ಕೂ ಹೊಂದಿಕೊಳ್ಳುತ್ತಿರಬೇಕು. ಇದನ್ನು ಸಾಧಿಸುವುದು ಕೆಲವು ಸ್ಪ್ರಿಂಗುಗಳು, ಕವಾಟದ ಪೀಠಗಳು ಮತ್ತು ಓ-ರಿಂಗ್ ಎಂಬ ರಬ್ಬರಿನ ಸಣ್ಣ ಬಳೆಗಳು. ಉಪ್ಪು, ಮರಳು, ಕಾಲ ಇವು ಮೂರೂ ಅವನ್ನು ಸವೆಸುತ್ತವೆ. ಆದಕಾರಣ ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ, ತಯಾರಕರ ವಿಧಿಯಂತೆ, ಅದನ್ನು ಪರೀಕ್ಷಿಸಿ, ಬಿಚ್ಚಿ ತೊಳೆದು, ಸವೆದ ಭಾಗಗಳನ್ನು ಬದಲಿಸಿ, ಒತ್ತಡವನ್ನು ಅಳೆದು ಮತ್ತೆ ಜೋಡಿಸಬೇಕಾಗುತ್ತದೆ. ಅನೇಕ ತಯಾರಕರು ಈ ಬಿಡಿಭಾಗಗಳನ್ನು ತಮ್ಮಲ್ಲಿ ತರಬೇತಿ ಪಡೆದ ತಂತ್ರಜ್ಞರಿಗೆ ಮಾತ್ರ ಕೊಡುತ್ತಾರೆ. ಅಧಿಕೃತ ಮಾರಾಟಗಾರನ ರಸೀತಿಯಿಲ್ಲದ ರೆಗ್ಯುಲೇಟರಿಗೆ ತಮ್ಮ ಖಾತರಿಯನ್ನು ಸಲ್ಲಿಸದ ಕಂಪನಿಗಳೂ ಉಂಟು. ಅಡ್ಡದಾರಿಯಲ್ಲಿ ಆಮದಾದ ಸರಕನ್ನು ಅಗ್ಗವಾಗಿ ಮಾರುವ ವ್ಯಾಪಾರಿಯೂ ತನ್ನದೇ ಒಂದು ಖಾತರಿಯನ್ನು ನೀಡಬಹುದು, ಆದರೆ ದುರಸ್ತಿಗಾಗಿ ವಸ್ತುವನ್ನು ದೂರದ ನಗರಕ್ಕೆ ಕಳುಹಿಸಿ ವಾರಗಟ್ಟಲೆ ಕಾಯಬೇಕಾದಾಗ ಉಳಿಸಿದ ಹಣದ ಹಿಗ್ಗು ಉಳಿಯುವುದು ಕಷ್ಟ.

ಹಳೆಯ ಸಿಲಿಂಡರುಗಳನ್ನು ಅಂತರ್ಜಾಲದಲ್ಲಿ ಕೊಳ್ಳುವವರಿಗೆ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಅಮೆರಿಕದಲ್ಲಿ 1980ರ ದಶಕದ ಕೊನೆಯವರೆಗೆ ಅಲ್ಯುಮಿನಿಯಮ್ ಸಿಲಿಂಡರುಗಳನ್ನು 6351 ಎಂಬ ಮಿಶ್ರಲೋಹದಿಂದ ಮಾಡುತ್ತಿದ್ದುದುಂಟು. ಇವುಗಳ ಕುತ್ತಿಗೆಯಲ್ಲಿ ಸತತ ಒತ್ತಡದಿಂದ ಕಣ್ಣಿಗೆ ಸುಲಭವಾಗಿ ಬೀಳದ ಬಿರುಕುಗಳು ಹುಟ್ಟಿ, ಕೆಲವು ಸಿಲಿಂಡರುಗಳು ಗಾಳಿ ತುಂಬುವಾಗ ಸಿಡಿದವು. ಅಲ್ಲಿನ ಅನೇಕ ಅಂಗಡಿಗಳು ಇಂದು 1990ಕ್ಕೆ ಮುಂಚಿನ ಅಲ್ಯುಮಿನಿಯಮ್ ಸಿಲಿಂಡರನ್ನು ತುಂಬಲು ಒಪ್ಪುವುದಿಲ್ಲ. ನೋಟಕ್ಕೆ ಹೊಳೆಯುವ ಅಗ್ಗದ ಸಿಲಿಂಡರನ್ನು ತರಿಸಿಕೊಂಡವನು ಅದನ್ನು ಮೂಲೆಗೆ ಒರಗಿಸಬೇಕಾಗುತ್ತದೆ. ಐದು ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆ, ವರ್ಷಕ್ಕೊಮ್ಮೆ ಒಳಭಾಗವನ್ನು ಕಣ್ಣಿನಿಂದ ನೋಡುವ ಪರೀಕ್ಷೆ ಇವೂ ಅಂಗಡಿಯ ಮೂಲಕವೇ ನಡೆಯತಕ್ಕವು.

ಇಷ್ಟು ಹೇಳಿದ ಮೇಲೆ, ಅಂತರ್ಜಾಲದ ವ್ಯಾಪಾರಕ್ಕೆ ಸಲ್ಲಬೇಕಾದ ನ್ಯಾಯವನ್ನೂ ಸಲ್ಲಿಸಬೇಕು. ಚೀಲ, ಟಾರ್ಚು, ಸಿಳ್ಳೆ, ಬರೆಯುವ ಹಲಗೆ ಮೊದಲಾದವನ್ನು ಎಲ್ಲಿ ಕೊಂಡರೂ ನಷ್ಟವಿಲ್ಲ. ಮಾರುವವನು ಅಧಿಕೃತ ಮಾರಾಟಗಾರನೆಂದು ದೃಢಪಡಿಸಿಕೊಂಡು, ಆಳವನ್ನೂ ಮುಳುಗಿದ ಹೊತ್ತನ್ನೂ ಲೆಕ್ಕವಿಡುವ ಡೈವ್ ಕಂಪ್ಯೂಟರನ್ನು ತರಿಸುವುದಕ್ಕೂ ಅಡ್ಡಿಯಿಲ್ಲ. ಸಮುದ್ರದಿಂದ ನೂರಾರು ಮೈಲಿ ದೂರವಿದ್ದು ಹತ್ತಿರದಲ್ಲಿ ಒಂದೂ ಅಂಗಡಿಯಿಲ್ಲದವರಿಗೆ ಅಂತರ್ಜಾಲವು ನಿಜವಾದ ಉಪಕಾರವನ್ನೇ ಮಾಡಿದೆ. ತನ್ನ ಕಪಾಟಿನಲ್ಲಿರುವುದೇ ಶ್ರೇಷ್ಠವೆಂದು ಹೊಸಬರ ಮೇಲೆ ಹೇರುವ ಅಂಗಡಿಕಾರರೂ ಇದ್ದಾರೆ. ಅಂಥವರಿಂದ ಕೊಳ್ಳಬೇಕೆಂಬ ಋಣ ಯಾರಿಗೂ ಇಲ್ಲ. ಆದರೆ ಅಂಗಡಿಯಲ್ಲಿ ಅರ್ಧ ಗಂಟೆ ನಿಂತು ಮಾಸ್ಕುಗಳನ್ನೂ ಉಡುಪುಗಳನ್ನೂ ತೊಟ್ಟು ನೋಡಿ, ಅಳತೆಯನ್ನು ಗುರುತು ಹಾಕಿಕೊಂಡು, ಮನೆಗೆ ಹೋಗಿ ಬೇರೆಡೆಯಿಂದ ತರಿಸುವುದು ಅನ್ಯಾಯವೆಂದೇ ನನ್ನ ಭಾವನೆ. ಕೆಲವೇ ಡಾಲರುಗಳಿಗೆ ಸಿಲಿಂಡರು ತುಂಬಿಕೊಡುವುದರಿಂದ ದುಬಾರಿಯ ಕಂಪ್ರೆಸರನ್ನೂ ಅದರ ಸೋಸುಕಗಳನ್ನೂ ಕಾಪಾಡುವುದು ಸುಲಭವಲ್ಲ. ಆ ವೆಚ್ಚದ ಒಂದು ಭಾಗವನ್ನು ಭರಿಸುವುದು ಮಾರಾಟದ ಲಾಭವೇ. ಕೆಲವು ತಯಾರಕರು ಜಾಹೀರು ಮಾಡಬಹುದಾದ ಕನಿಷ್ಠ ಬೆಲೆಯನ್ನು ತಾವೇ ನಿಗದಿಪಡಿಸಿರುವುದರಿಂದ, ಅಂಥ ವಸ್ತುಗಳಿಗೆ ಎರಡೂ ಕಡೆಯ ಬೆಲೆ ಬಹುತೇಕ ಒಂದೇ ಆಗಿರುತ್ತದೆ. ಬಾಯಿಬಿಟ್ಟು ಕೇಳಿದರೆ ಅಂತರ್ಜಾಲದ ಬೆಲೆಗೇ ಇಳಿಸಿಕೊಡುವ ಅಂಗಡಿಗಳೂ ಇವೆ.

ಊರಿಗೆ ಮರಳುವಾಗ ತಮ್ಮ ಸಲಕರಣೆಗಳನ್ನು ಜೊತೆಗೆ ತರಬಯಸುವ ಕನ್ನಡಿಗರು ಇನ್ನೊಂದನ್ನು ಆಲೋಚಿಸಬೇಕು. ಮುರುಡೇಶ್ವರದ ಕರಾವಳಿಯಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದಲ್ಲಿ, ಮಳೆಗಾಲ ಕಳೆದ ಮೇಲೆ ನಡೆಯುವ ಮುಳುಗಾಟಕ್ಕೆ ಮಾಂಟೆರೆಯ 7 ಮಿಲಿಮೀಟರ್ ಉಡುಪು ಬೇಕಿಲ್ಲ. 3 ಮಿಲಿಮೀಟರಿನದೇ ಧಾರಾಳ. ರೆಗ್ಯುಲೇಟರನ್ನು ಸಿಲಿಂಡರಿಗೆ ಜೋಡಿಸುವ ಯೋಕ್ ಮತ್ತು ಡಿನ್ ಎಂಬ ಎರಡು ಬಗೆಗಳಲ್ಲಿ ಯಾವುದು ಅಲ್ಲಿಯ ಸಿಲಿಂಡರುಗಳಿಗೆ ಹೊಂದುತ್ತದೆಂಬುದನ್ನು ಮೊದಲೇ ವಿಚಾರಿಸಬೇಕು. ಡಿನ್ ಬಗೆಯದನ್ನು ಯೋಕ್ ಸಿಲಿಂಡರಿಗೆ ಕೂಡಿಸುವ ಅಡಾಪ್ಟರು ಅಲ್ಪ ವೆಚ್ಚದಲ್ಲಿ ದೊರೆಯುತ್ತದೆ. ಎಲ್ಲಕ್ಕೂ ಮಿಗಿಲಾಗಿ, ತಾವು ಕೊಳ್ಳಲಿರುವ ಕಂಪನಿಯ ರೆಗ್ಯುಲೇಟರನ್ನು ಬಿಚ್ಚಿ ಜೋಡಿಸಬಲ್ಲ ತರಬೇತಾದ ತಂತ್ರಜ್ಞನೂ ಅದರ ಬಿಡಿಭಾಗಗಳೂ ಭಾರತದಲ್ಲಿ ಎಲ್ಲಿ ಸಿಗುತ್ತವೆಂಬುದನ್ನು, ಹಣ ಕೊಡುವುದಕ್ಕೆ ಮೊದಲೇ, ಮಾರುವವನಿಂದ ಕೇಳಿ ತಿಳಿಯತಕ್ಕದ್ದು.